ಮೊದಲು ಮನೆ ಹುಡುಕಿ: ಸಿಡ್ನಿಯ ಕ್ಲಿಫ್ಟನ್ ಗಾರ್ಡನ್ಸ್ ದಡದಿಂದ ಡೈವ್ ಮಾಡಿ ಪುಟ್ಟ ಕಡಲಜೀವಿಗಳನ್ನು ನೋಡುವ ಬಗೆ

ಸಿಡ್ನಿ ಹಾರ್ಬರ್‌ನ ಉತ್ತರ ದಡದಲ್ಲಿ ಮೋಸ್ಮನ್ ಅನ್ನೋ ಬಡಾವಣೆ ಇದೆ. ಅದರ ಕೆಳಗೆ ಚೌಡರ್ ಬೇ ಎಂಬ ಸಣ್ಣ ಕೊಲ್ಲಿ. ದಡದ ಪಾರ್ಕಿಗೆ ಕ್ಲಿಫ್ಟನ್ ಗಾರ್ಡನ್ಸ್ ಅಂತ ಹೆಸರು. ಭಾನುವಾರ ಹೋದರೆ ಹುಲ್ಲಿನ ಮೇಲೆ ಮಕ್ಕಳ ಬರ್ತ್‌ಡೇ ನಡೆದಿರುತ್ತದೆ. ಜೆಟ್ಟಿಯ ಮೇಲೆ ಗಾಳ ಹಾಕುವವರು ನಿಂತಿರುತ್ತಾರೆ. ಈಜುವವರಿಗಾಗಿ ಕಟ್ಟಿದ ಬಲೆಯ ಒಳಗೆ ವಯಸ್ಸಾದವರು ನಿಧಾನಕ್ಕೆ ಈಜುತ್ತಿರುತ್ತಾರೆ. ಅದೇ ಬಲೆಯ ಮೇಲೆ, ಅವರ ಕಾಲಿನಿಂದ ನಾಲ್ಕೈದು ಮಾರು ದೂರದಲ್ಲಿ, ಕಡಲಕುದುರೆಗಳು ಬಾಲ ಸುತ್ತಿಕೊಂಡು ಕೂತಿರುತ್ತವೆ.

ನನ್ನ ಮೊದಲ ನಾಲ್ಕು ಡೈವ್‌ಗಳಲ್ಲಿ ನನಗೆ ಅಲ್ಲಿ ಕಂಡದ್ದು ಮರಳು, ಪಾಚಿ, ಒಂದು ಹಳೇ ಬಾಟಲಿ. ಐದನೇ ಸಲ ಕುಮಟಾ ಕಡೆಯ ಒಬ್ಬ ಹಿರಿಯ ಗೆಳೆಯರ ಜೊತೆ ಇಳಿದೆ. ಒಂದು ಗಂಟೆಯಲ್ಲಿ ಅವರು ಆರು ಕಡಲಕುದುರೆ, ಒಂದು ಆಂಗ್ಲರ್ ಮೀನು, ನನ್ನ ಉಗುರಿನಷ್ಟಿದ್ದ ಒಂದು ಏಡಿ ತೋರಿಸಿದರು. ಹೊರಗೆ ಬಂದು ಟ್ಯಾಂಕ್ ಇಳಿಸುತ್ತಾ ಕೇಳಿದೆ:

"ಅಣ್ಣ, ನಾನೂ ಇದೇ ದಾರೀಲಿ ನಾಲ್ಕು ಸಲ ಹೋಗಿದ್ದೆ. ನನಗ್ಯಾಕೆ ಒಂದೂ ಕಾಣಲಿಲ್ಲ?"

"ನೀನು ಪ್ರಾಣಿ ಹುಡುಕ್ತಾ ಇದ್ದೆ ಮಾರಾಯ. ಗದ್ದೆ ಬದುವಲ್ಲಿ ಏಡಿ ಹಿಡಿಯೋರು ಏಡಿ ಹುಡುಕ್ತಾರಾ? ಬಿಲ ಹುಡುಕ್ತಾರೆ. ಮೊದಲು ಮನೆ ನೋಡು. ಆಮೇಲೆ ಒಳಗೆ ಯಾರಿದ್ದಾರೆ ಅಂತ ನೋಡು."

ಆಮೇಲಿನ ಎಲ್ಲ ಡೈವ್‌ಗಳಲ್ಲೂ ನಾನು ಮಾಡಿದ್ದು ಇದನ್ನೇ. ಈ ಬರಹದಲ್ಲಿ ಅದನ್ನೇ ಹಂತ ಹಂತವಾಗಿ ಹೇಳುತ್ತೇನೆ. ಜಾಗ ಕ್ಲಿಫ್ಟನ್ ಗಾರ್ಡನ್ಸ್ ಆದರೂ ಕ್ರಮ ಯಾವ ದಡಕ್ಕಾದರೂ ಹೊಂದುತ್ತದೆ. ನೀವು ಓಪನ್ ವಾಟರ್ ಕೋರ್ಸ್, ಅಂದರೆ ಟ್ಯಾಂಕ್ ಕಟ್ಟಿಕೊಂಡು ಡೈವ್ ಮಾಡುವ ಮೊದಲ ಕೋರ್ಸ್, ಮುಗಿಸಿದ್ದೀರಿ ಅಂದುಕೊಂಡಿದ್ದೇನೆ. ಮುರುಡೇಶ್ವರದಿಂದ ದೋಣಿಯಲ್ಲಿ ನೇತ್ರಾಣಿಗೆ ಹೋಗಿ ಕಲಿತವರಿಗೆ ಒಂದು ಮಾತು: ಅಲ್ಲಿ ಡೈವ್‌ಮಾಸ್ಟರ್ ಮುಂದೆ ಹೋಗುತ್ತಾರೆ, ನಾವು ಹಿಂಬಾಲಿಸುತ್ತೇವೆ. ದಡದ ಡೈವ್‌ನಲ್ಲಿ ದಾರಿ, ಹೊತ್ತು, ಗಾಳಿಯ ಲೆಕ್ಕ ಎಲ್ಲವೂ ನಿಮ್ಮದು ಮತ್ತು ನಿಮ್ಮ ಜೊತೆಗಾರರದ್ದು. ಒಬ್ಬರೇ ಇಳಿಯಬೇಡಿ.

ಹಂತ 1: ದಿನ ಮತ್ತು ಹೊತ್ತು

ಮೊದಲು ಮಳೆ ನೋಡಿ. ಜೋರು ಮಳೆ ಬಂದರೆ ಊರಿನ ಚರಂಡಿ ನೀರೆಲ್ಲ ಹಾರ್ಬರ್‌ಗೆ ಬರುತ್ತದೆ. ಆಗ ನೀರು ಚಹಾದ ಬಣ್ಣಕ್ಕೆ ತಿರುಗುತ್ತದೆ, ಸೋಂಕಿನ ಭಯವೂ ಇರುತ್ತದೆ. ಜೋರು ಮಳೆಯಾದ ಮೇಲೆ 3 ದಿನ ಹಾರ್ಬರ್ ನೀರಿಗೆ ಇಳಿಯಬೇಡಿ ಅನ್ನುವುದು ಇಲ್ಲಿನ ಸರ್ಕಾರಿ ಸಲಹೆ. ಅದನ್ನು ಪಾಲಿಸಿ.

ಆಮೇಲೆ ಉಬ್ಬರ ಇಳಿತದ ಪಟ್ಟಿ ನೋಡಿ. ಉಬ್ಬರದಲ್ಲಿ ಹೊರಗಿನ ಕಡಲಿನ ತಿಳಿನೀರು ಒಳಗೆ ಬರುತ್ತದೆ. ಇಳಿತದಲ್ಲಿ ಹಾರ್ಬರ್‌ನ ಒಳಗಿನ ಕಲಕು ನೀರು ಹೊರಗೆ ಹೋಗುತ್ತದೆ. ಅದಕ್ಕೇ ಪೂರ್ತಿ ಉಬ್ಬರಕ್ಕೆ ಸುಮಾರು ಒಂದು ಗಂಟೆ ಮುಂಚೆ ನೀರಿಗಿಳಿಯಿರಿ. ಆಗ ಡೈವ್‌ನ ನಡುಭಾಗ ಸರಿಯಾಗಿ ನಿಂತ ನೀರಿನಲ್ಲಿ ಬರುತ್ತದೆ. ಐದು ಮೀಟರ್ ದೂರ ಕಂಡರೆ ಇಲ್ಲಿ ಒಳ್ಳೆಯ ದಿನ ಅನ್ನಬಹುದು. ಕಡಿಮೆ ಕಂಡರೂ ಬೇಸರ ಬೇಡ. ನೀವು ನೋಡಬೇಕಾದ್ದು ಮುಖದಿಂದ ಅರ್ಧ ಮೀಟರ್ ದೂರದ್ದು.

ಭಾನುವಾರಕ್ಕಿಂತ ವಾರದ ದಿನ ಮೇಲು. ಬಲೆಯ ಒಳಗೆ ಮಕ್ಕಳು ಕಾಲು ಬಡಿದರೆ ಮರಳು ಎದ್ದು ಎಲ್ಲ ಮಸುಕಾಗುತ್ತದೆ. ಪಾರ್ಕಿಂಗ್ ಜಾಗವೂ ಬೇಗ ತುಂಬುತ್ತದೆ.

ನೀರಿನ ಬಿಸಿ ಫೆಬ್ರವರಿ-ಮಾರ್ಚ್‌ನಲ್ಲಿ 23 ಡಿಗ್ರಿ ಆಸುಪಾಸು. ಆಗಸ್ಟ್-ಸೆಪ್ಟೆಂಬರ್‌ನಲ್ಲಿ 15ಕ್ಕೆ ಇಳಿಯುತ್ತದೆ. ಬೇಸಿಗೆಗೆ 5 ಮಿ.ಮೀ. ವೆಟ್‌ಸೂಟ್ ಸಾಕು. ಚಳಿಗಾಲಕ್ಕೆ 7 ಮಿ.ಮೀ., ತಲೆಗೆ ಹುಡ್, ಕೈಗವಸು ಬೇಕು. ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಪುಟ್ಟ ಜೀವಿ ನೋಡುವವರು ಒಂದೇ ಕಡೆ ಹತ್ತು ನಿಮಿಷ ನಿಲ್ಲುತ್ತಾರೆ, ಮೈ ಬಿಸಿಯಾಗುವುದೇ ಇಲ್ಲ. ನಡುಗುವ ಕೈಯಲ್ಲಿ ಟಾರ್ಚ್ ನಿಲ್ಲುವುದಿಲ್ಲ, ನಡುಗುವ ಮನಸ್ಸಿಗೆ ತಾಳ್ಮೆ ಇರುವುದಿಲ್ಲ.

ಹಂತ 2: ಸಾಮಾನು

ಎಲ್ಲರ ಹತ್ತಿರ ಇರುವ ಡೈವ್ ಸಾಮಾನಿನ ಜೊತೆ ನಾಲ್ಕು ವಸ್ತು ಸೇರಿಸಿ.

ಒಂದು, ಟಾರ್ಚ್. ಹಗಲಲ್ಲೂ ಬೇಕು. ನೀರು ಕೆಂಪು ಬಣ್ಣವನ್ನು ಮೊದಲು ನುಂಗುತ್ತದೆ. ಐದಾರು ಮೀಟರ್ ಇಳಿದರೆ ಕೆಂಪು ಸ್ಪಂಜು ಕಂದು ಕಲ್ಲಿನ ಹಾಗೆ ಕಾಣುತ್ತದೆ. ಟಾರ್ಚ್ ಹಾಕಿದ ಕೂಡಲೇ ಕೆಂಪು, ಕಿತ್ತಳೆ, ನೇರಳೆ ಎಲ್ಲ ವಾಪಸ್ ಬರುತ್ತದೆ. ಅಗಲ ಬೆಳಕಿನದ್ದಕ್ಕಿಂತ ಕಿರಿದಾದ ಬೆಳಕಿನ ಟಾರ್ಚ್ ಒಳ್ಳೆಯದು. ಬೆಳಕಿನ ವೃತ್ತ ಚಿಕ್ಕದಿದ್ದಷ್ಟೂ ಕಣ್ಣು ಆ ವೃತ್ತದೊಳಗೇ ನಿಲ್ಲುತ್ತದೆ.

ಎರಡು, ಸಣ್ಣ ಚಾಕು ಅಥವಾ ದಾರ ಕತ್ತರಿಸುವ ಕಟರ್. ಜೆಟ್ಟಿಯ ಕೆಳಗೆ ಹರಿದ ಗಾಳದ ದಾರ ಜಾಸ್ತಿ. ಅದು ಕಣ್ಣಿಗೆ ಕಾಣುವುದಿಲ್ಲ, ಟ್ಯಾಂಕಿನ ಕುತ್ತಿಗೆಗೆ ಸಿಕ್ಕಿದ ಮೇಲೇ ಗೊತ್ತಾಗುವುದು. ಕಟರ್ ಎರಡೂ ಕೈಗೆ ಎಟಕುವ ಕಡೆ, ಎದೆಯ ಮೇಲೆ ಇರಲಿ.

ಮೂರು, ತೇಲುವ ಬೋಯ್ ಮತ್ತು ಅದರ ಮೇಲೆ, ಕೆಳಗೆ ಡೈವರ್ ಇದ್ದಾರೆ ಅಂತ ಹೇಳುವ ನೀಲಿ-ಬಿಳಿ ಆಲ್ಫಾ ಧ್ವಜ. ಕೊಲ್ಲಿಯಲ್ಲಿ ದೋಣಿಗಳು ಓಡಾಡುತ್ತವೆ.

ನಾಲ್ಕು, ನೀರಲ್ಲಿ ಬರೆಯುವ ಸ್ಲೇಟು. ಯಾಕೆ ಅಂತ ಕೊನೆಗೆ ಹೇಳುತ್ತೇನೆ.

ಕಣ್ಣಿನ ವಿಷಯ ಕೂಡ ಇಲ್ಲೇ ಹೇಳಬೇಕು. ಮಾಸ್ಕಿನೊಳಗಿಂದ ನೋಡಿದರೆ ವಸ್ತು ಇರುವುದಕ್ಕಿಂತ ಸುಮಾರು ಮೂರನೇ ಒಂದು ಪಾಲು ದೊಡ್ಡದಾಗಿ ಕಾಣುತ್ತದೆ. ಹಾಗಿದ್ದರೂ ನಲವತ್ತು ದಾಟಿದವರಿಗೆ ಹತ್ತಿರದ್ದು ಮಸುಕು. ಓದುವ ಕನ್ನಡಕ ಹಾಕುವವರಾದರೆ ಮಾಸ್ಕಿನ ಕೆಳಭಾಗಕ್ಕೆ ಅದೇ ಪವರ್‌ನ ಲೆನ್ಸ್ ಅಂಟಿಸಿಕೊಳ್ಳಿ. ನನ್ನ ಗೆಳೆಯರು ಅದನ್ನು ಹಾಕಿಸಿಕೊಂಡ ದಿನ, ಹತ್ತು ವರ್ಷದಿಂದ ನೋಡುತ್ತಿದ್ದ ಕಂಬದ ಮೇಲೆ ಮೊದಲ ಸಲ ಕಂಡ ಸಿಗಡಿಯ ಬಗ್ಗೆ ಇಡೀ ದಾರಿ ಹೇಳುತ್ತಾ ಬಂದರು.

ಹಂತ 3: ತೂಕ ಸರಿ ಮಾಡಿಕೊಳ್ಳಿ

ಇಡೀ ಬರಹದಲ್ಲಿ ಒಂದೇ ಹಂತ ಓದುತ್ತೀರಿ ಅಂದರೆ ಇದನ್ನು ಓದಿ. ಮೇಲಕ್ಕೂ ಏರದೆ, ಕೆಳಕ್ಕೂ ಇಳಿಯದೆ, ಕೈ ಆಡಿಸದೆ ಒಂದೇ ಕಡೆ ತೇಲಿ ನಿಲ್ಲಲು ಬರದಿದ್ದರೆ ಪುಟ್ಟ ಜೀವಿ ನೋಡುವ ಕೆಲಸ ಆಗುವುದಿಲ್ಲ. ಒಂದು ಸಲ ಕಾಲಿಗೆ ಹಾಕಿದ ಫಿನ್ (ಈಜುರೆಕ್ಕೆ) ನೆಲಕ್ಕೆ ತಾಗಿದರೆ ಹತ್ತು ನಿಮಿಷ ಹೂಳು ಎದ್ದಿರುತ್ತದೆ. ಬಲೆ ಹಿಡಿದು ನಿಂತರೆ ಬಲೆ ಅಲ್ಲಾಡುತ್ತದೆ, ಅದರ ಮೇಲಿನವರೆಲ್ಲ ಅಡಗಿಕೊಳ್ಳುತ್ತಾರೆ.

ಕಡಿಮೆ ಆಳದಲ್ಲಿ ತೇಲಿ ನಿಲ್ಲುವುದು ಹೆಚ್ಚು ಆಳಕ್ಕಿಂತ ಕಷ್ಟ. ಮೇಲ್ಮೈ ಹತ್ತಿರ ಗಾಳಿಯ ಗಾತ್ರ ಬೇಗ ಬೇಗ ಬದಲಾಗುತ್ತದೆ, ಅರ್ಧ ಮೀಟರ್ ಏರಿದರೂ ತೇಲಲು ಗಾಳಿ ತುಂಬಿಸುವ ಜಾಕೆಟ್ಟಿನ ಗಾಳಿ ಹಿಗ್ಗಿ ಮೇಲಕ್ಕೆ ಎಳೆಯುತ್ತದೆ. ಹಾಗಾಗಿ ಮುಳುಗಲು ಕಟ್ಟಿಕೊಳ್ಳುವ ಸೀಸದ ತೂಕವನ್ನು ಡೈವ್‌ನ ಕೊನೆಯ ಲೆಕ್ಕಕ್ಕೆ ಹೊಂದಿಸಿ. ಟ್ಯಾಂಕಿನಲ್ಲಿ ಗಾಳಿಯ ಒತ್ತಡ 50 ಬಾರ್ ಉಳಿದಾಗ, 3 ಮೀಟರ್ ಆಳದಲ್ಲಿ, ಜಾಕೆಟ್ಟಿನಲ್ಲಿ ಗಾಳಿ ಇಲ್ಲದೆ ನಿಲ್ಲುವಂತಿರಬೇಕು. ಒಂದು ಡೈವ್ ಮುಗಿಯುವಾಗ ಇದನ್ನು ಪರೀಕ್ಷಿಸಿ ತೂಕ ಬರೆದಿಟ್ಟುಕೊಳ್ಳಿ. ಮುಂದಿನ ಸಲ ಅಷ್ಟೇ ಹಾಕಿ.

ಉಳಿದ ಹೊಂದಾಣಿಕೆ ಉಸಿರಿನದ್ದು. ಸ್ವಲ್ಪ ಏರಬೇಕಾದರೆ ಉಸಿರು ಸ್ವಲ್ಪ ಜಾಸ್ತಿ ಎಳೆಯಿರಿ. ಇಳಿಯಬೇಕಾದರೆ ಉದ್ದಕ್ಕೆ ಬಿಡಿ. ಉಸಿರು ಕಟ್ಟಿ ಹಿಡಿಯಬೇಡಿ. ಕಾಲು ಬಡಿಯುವಾಗ ಮೊಣಕಾಲು ಮಡಿಸಿ, ಫಿನ್ ಮೇಲಕ್ಕೆತ್ತಿ, ಕಪ್ಪೆ ಈಜಿದ ಹಾಗೆ ಪಕ್ಕಕ್ಕೆ ತಳ್ಳಿ. ಮೇಲೆ-ಕೆಳಗೆ ಬಡಿಯುವ ಅಭ್ಯಾಸ ಬಿಡಿ.

ಗಾಳಿಯ ಲೆಕ್ಕವೂ ಸಮಾಧಾನ ಕೊಡುವಂಥದ್ದೇ. 12 ಲೀಟರ್ ಟ್ಯಾಂಕಿಗೆ 200 ಬಾರ್ ತುಂಬಿಸಿ, 50 ಬಾರ್ ಉಳಿಸಿದರೆ ಬಳಸಲು ಸಿಗುವುದು 1800 ಲೀಟರ್. 6 ಮೀಟರ್ ಆಳದಲ್ಲಿ ಒತ್ತಡ 1.6 ಬಾರ್. ಮೇಲೆ ನಿಮಿಷಕ್ಕೆ 15 ಲೀಟರ್ ಉಸಿರಾಡುವವರು ಅಲ್ಲಿ 24 ಲೀಟರ್ ಬಳಸುತ್ತಾರೆ. ಅಂದರೆ 75 ನಿಮಿಷ. ಇಲ್ಲಿ ನೋಡಬೇಕಾದ್ದು ಎಲ್ಲವೂ 10 ಮೀಟರ್ ಒಳಗೇ ಇದೆ. ಅವಸರ ಮಾಡಲು ಕಾರಣವೇ ಇಲ್ಲ.

ಹಂತ 4: ಮೊದಲ ಐದು ನಿಮಿಷ ಏನೂ ಹುಡುಕಬೇಡಿ

ಮರಳದಂಡೆಯಿಂದ ನಡೆದು ಇಳಿಯಿರಿ. ಸೊಂಟದ ಮಟ್ಟಕ್ಕೆ ಬಂದಾಗ ಫಿನ್ ಹಾಕಿ. ಬಲೆಯ ಹೊರಗಿನ ಬದಿಯಲ್ಲೇ, ಬಲೆ ಮುಟ್ಟದೆ, ಜೆಟ್ಟಿಯ ಕಡೆ ಹೋಗಿ. ಬಲೆ, ಜೆಟ್ಟಿ, ವಾಪಸ್ ಬಲೆ. ದಾರಿ ತಪ್ಪಲು ಸಾಧ್ಯವಿಲ್ಲದ ಜಾಗ ಇದು.

ಎರಡು ಮೂರು ಮೀಟರ್ ಆಳ ಸಿಕ್ಕ ಕೂಡಲೇ ನಿಂತುಬಿಡಿ. ಬಲೆಯ ಒಂದು ಮೀಟರ್ ಅಗಲದ ತುಂಡನ್ನು ಸುಮ್ನೆ ನೋಡುತ್ತಾ ಇರಿ. ಮೊದಲ ನಿಮಿಷ ಬರೀ ಪಾಚಿ ಕಾಣುತ್ತದೆ. ಆಮೇಲೆ ಪಾಚಿಯಲ್ಲೇ ಮೂರು ನಾಲ್ಕು ಬಗೆ ಇದೆ ಅಂತ ಗೊತ್ತಾಗುತ್ತದೆ. ಅಲೆಗೆ ಎಲ್ಲವೂ ಒಟ್ಟಿಗೆ ಬಾಗುತ್ತವೆ, ಒಟ್ಟಿಗೆ ಏಳುತ್ತವೆ. ಆ ತಾಳ ಕಣ್ಣಿಗೆ ಹಿಡಿಯಬೇಕು. ಆಮೇಲೆ ಆ ತಾಳಕ್ಕೆ ಸೇರದ ಒಂದು ತುಣುಕು ತಾನಾಗಿಯೇ ಎದ್ದು ಕಾಣುತ್ತದೆ. ಎಲ್ಲ ಅಲ್ಲಾಡುವಾಗ ಅಲ್ಲಾಡದೆ ನಿಂತದ್ದು, ಎಲ್ಲ ನಿಂತಾಗ ಸ್ವಲ್ಪ ಹೊರಳಿದ್ದು. ಅಲ್ಲಿಗೆ ಟಾರ್ಚ್ ತಿರುಗಿಸಿ.

ಹಂತ 5: ಬಲೆ, ಅಂದರೆ ಕಡಲಕುದುರೆಯ ಮನೆ

ಇಲ್ಲಿರುವುದು ವೈಟ್ಸ್ ಸೀಹಾರ್ಸ್. ಸಿಡ್ನಿಗೆ ಬಂದ ಮೊದಲ ಬ್ರಿಟಿಷ್ ಹಡಗುಪಡೆಯ ಮುಖ್ಯ ವೈದ್ಯ ಜಾನ್ ವೈಟ್ ಅವರ ಹೆಸರು ಅದಕ್ಕೆ. ದೊಡ್ಡದಾದರೆ ಗೇಣಿಗಿಂತ ಸ್ವಲ್ಪ ಕಡಿಮೆ ಉದ್ದ. ಬಣ್ಣ ಹಳದಿ, ಕಂದು, ಕಪ್ಪು ಏನಾದರೂ ಇರಬಹುದು. ಕೂತ ಜಾಗದ ಬಣ್ಣಕ್ಕೆ ಹೊಂದಿಕೊಳ್ಳುತ್ತದೆ. ಆದ್ದರಿಂದ ಬಣ್ಣ ನೋಡಿ ಹುಡುಕಿದರೆ ಸಿಗುವುದಿಲ್ಲ.

ಮನೆ ನೋಡಿ. ಕಡಲಕುದುರೆಗೆ ಬೇಕಾದ್ದು ಎರಡು: ಬಾಲ ಸುತ್ತಲು ಬೆರಳಿನಷ್ಟು ದಪ್ಪದ ಹಿಡಿ, ಮತ್ತು ಬಾಯಿಯ ಮುಂದೆ ಬರುವ ಊಟ. ಬಲೆಯ ದಾರ ಹಿಡಿಗೆ ಸರಿ. ಊಟ ಅಂದರೆ ಅಕ್ಕಿಕಾಳಿಗಿಂತ ಚಿಕ್ಕ ಸಿಗಡಿಗಳು. ಕಡಲಕುದುರೆಗೆ ಹೊಟ್ಟೆಚೀಲವೇ ಇಲ್ಲ. ತಿಂದದ್ದು ಬೇಗ ಸಾಗಿಹೋಗುತ್ತದೆ, ಹಾಗಾಗಿ ದಿನವಿಡೀ ತಿನ್ನುತ್ತಲೇ ಇರಬೇಕು. ಬಲೆಯ ಹತ್ತಿರ ಗಾಜಿನ ಪುಡಿ ಎರಚಿದ ಹಾಗೆ ಸಣ್ಣ ಸಿಗಡಿಗಳ ಗುಂಪು ಕಂಡರೆ, ಅಲ್ಲಿ ನಿಲ್ಲಿ. ಬಲೆ ಬೋಳಾಗಿರುವ ಕಡೆ ಸಮಯ ಕಳೆಯಬೇಡಿ. ಸ್ಪಂಜು, ಪಾಚಿ ದಟ್ಟವಾಗಿ ಬೆಳೆದ ಭಾಗ ನೋಡಿ.

ನೋಡುವ ಕ್ರಮ ಹೀಗೆ. ಬಲೆಯಿಂದ ಅರ್ಧ ಮೀಟರ್ ದೂರ ನಿಲ್ಲಿ. ಎದುರಿಗೆ ನೋಡುವ ಬದಲು ಬಲೆಗೆ ಓರೆಯಾಗಿ, ಅದರ ಉದ್ದಕ್ಕೂ ನೋಡಿ. ಆಗ ಬಲೆಯಿಂದ ಹೊರಗೆ ಚಾಚಿದ್ದೆಲ್ಲ ಹಿಂದಿನ ತಿಳಿನೀರಿನ ಎದುರು ನೆರಳಿನ ಹಾಗೆ ಕಾಣುತ್ತದೆ. ಮೇಲಿನಿಂದ ಕೆಳಕ್ಕೆ ಒಂದು ಪಟ್ಟಿ, ಮತ್ತೆ ಪಕ್ಕದ ಪಟ್ಟಿ. ಹೊಲಿಗೆ ಬಿಚ್ಚುವಾಗ ಒಂದೊಂದೇ ಹೊಲಿಗೆ ನೋಡುತ್ತೇವಲ್ಲ, ಹಾಗೆ. ಕುದುರೆ ಹುಡುಕಬೇಡಿ. ಮೂರು ಗುರುತು ಹುಡುಕಿ: ದಾರಕ್ಕೆ ಸುತ್ತಿದ ಬಾಲದ ಸುರುಳಿ, ದುಂಡಗಿನ ಕಣ್ಣು, ಕೊಳವೆಯಂಥ ಮೂತಿ. ಒಂದು ಸಿಕ್ಕಿದರೆ ಉಳಿದೆರಡು ಕೂಡಲೇ ಸಿಗುತ್ತವೆ.

ನಾನಾಗಿಯೇ ಹುಡುಕಿದ ಮೊದಲ ಕಡಲಕುದುರೆ ಸಿಕ್ಕಿದ್ದು ಸುರುಳಿಯಿಂದಲೇ. ಬಲೆಯ ಗಂಟು ಅಂದುಕೊಂಡಿದ್ದೆ. ಆದರೆ ಆ ಗಂಟಿಗೆ ಉಂಗುರ ಉಂಗುರದ ಗೆರೆ ಇತ್ತು. ಅಲ್ಲಿಂದ ಕಣ್ಣು ಮೇಲಕ್ಕೆ ಹೋಯಿತು. ಹೊಟ್ಟೆ ಉಬ್ಬಿತ್ತು, ನುಣುಪಾಗಿತ್ತು, ಚರ್ಮ ಬಿಗಿದು ತೆಳ್ಳಗಾಗಿತ್ತು. ತುಂಬು ಬಸುರಿ ಗಂಡು. ಕಡಲಕುದುರೆಯಲ್ಲಿ ಹೆಣ್ಣು ಮೊಟ್ಟೆಯನ್ನು ಗಂಡಿನ ಚೀಲದೊಳಗೆ ಇಡುತ್ತದೆ, ಗಂಡು ಸುಮಾರು ಮೂರು ವಾರ ಹೊತ್ತು ಮರಿ ಹಾಕುತ್ತದೆ. ಅದರ ಒಂದು ಕಣ್ಣು ನನ್ನ ಕಡೆ ತಿರುಗಿತು. ಇನ್ನೊಂದು ಕಣ್ಣು ಎದುರಿಗೆ ತೇಲಿ ಬಂದ ಸಿಗಡಿಯ ಮೇಲೇ ಇತ್ತು. ತಲೆ ಸ್ವಲ್ಪ ಬಾಗಿತು, ಮೂತಿ ಚಿಮ್ಮಿತು, ಸಿಗಡಿ ಇರಲಿಲ್ಲ. ನುಂಗಿದ್ದು ನನಗೆ ಕಾಣಲೇ ಇಲ್ಲ.

ಒಂದು ಸಿಕ್ಕರೆ ಅಲ್ಲೇ ಸುತ್ತಮುತ್ತ ಇನ್ನೊಂದನ್ನು ಹುಡುಕಿ. ಇದೇ ಜಾತಿಯನ್ನು ಸಿಡ್ನಿ ಹಾರ್ಬರ್‌ನಲ್ಲಿ ಅಧ್ಯಯನ ಮಾಡಿದ ಅಮಾಂಡಾ ವಿನ್ಸೆಂಟ್ ಮತ್ತು ಲೈಲಾ ಸ್ಯಾಡ್ಲರ್ 1995ರಲ್ಲಿ ಬರೆದ ಪ್ರಕಾರ, ಇವು ಜೋಡಿಗೆ ನಿಷ್ಠವಾಗಿರುತ್ತವೆ. ಬೆಳಿಗ್ಗೆ ಜೋಡಿಗಳು ಹತ್ತಿರ ಬಂದು ಒಂದನ್ನೊಂದು ಮಾತಾಡಿಸುವ ಹಾಗೆ ಜೊತೆಯಾಗಿ ಈಜಿ, ಮತ್ತೆ ತಮ್ಮ ತಮ್ಮ ಜಾಗಕ್ಕೆ ಹೋಗುತ್ತವೆ. ಒಂದೊಂದರ ಓಡಾಟವೂ ಕೆಲವೇ ಮೀಟರ್ ಒಳಗೆ. ಹಾಗಾಗಿ ಬೆಳಗಿನ ಡೈವ್‌ಗೆ ಬೆಲೆ ಹೆಚ್ಚು.

ಇವು ಕಡಿಮೆಯಾಗುತ್ತಿವೆ. ನ್ಯೂ ಸೌತ್ ವೇಲ್ಸ್ ರಾಜ್ಯ 2019ರಲ್ಲಿ ಇವನ್ನು ಅಳಿವಿನಂಚಿನ ಜಾತಿ ಅಂತ ಪಟ್ಟಿಗೆ ಸೇರಿಸಿತು. ಆಸರೆ ಕೊಡುವ ಸ್ಪಂಜು, ಮೃದು ಹವಳ, ಕಡಲಹುಲ್ಲು ನಾಶವಾಗಿದ್ದೇ ಮುಖ್ಯ ಕಾರಣ. ರಾಜ್ಯದ ಮೀನುಗಾರಿಕೆ ಇಲಾಖೆಯ ಸಂಶೋಧಕರು ತಂತಿಯ ಪೆಟ್ಟಿಗೆ ಮಾಡಿ ಕಡಲ ತಳದಲ್ಲಿ ಇಟ್ಟರು. ಅದಕ್ಕೆ ಸೀಹಾರ್ಸ್ ಹೋಟೆಲ್ ಅಂತ ಹೆಸರು. ಪೆಟ್ಟಿಗೆಯ ಮೇಲೆ ಸ್ಪಂಜು, ಪಾಚಿ ಬೆಳೆದು ಕುದುರೆಗಳಿಗೆ ಆಸರೆಯಾಗುತ್ತದೆ, ತಂತಿ ನಿಧಾನಕ್ಕೆ ತುಕ್ಕು ಹಿಡಿದು ಹೋಗುತ್ತದೆ. 2020ರಲ್ಲಿ ಅಕ್ವೇರಿಯಂನಲ್ಲಿ ಸಾಕಿದ ಮರಿಗಳನ್ನು ಇದೇ ಚೌಡರ್ ಬೇಯಲ್ಲಿ ಬಿಟ್ಟರು. ಕೆಲವು ಕುದುರೆಗಳ ಚರ್ಮದ ಕೆಳಗೆ ಪುಟ್ಟ ಬಣ್ಣದ ಗುರುತು ಕಂಡರೆ ಆಶ್ಚರ್ಯ ಬೇಡ, ಅದು ಸಂಶೋಧಕರು ಹಾಕಿದ್ದು. ಮುಟ್ಟುವುದು, ಬೆರಳಿಗೆ ಬಾಲ ಸುತ್ತಿಸಿಕೊಳ್ಳುವುದು, ಫೋಟೋಗೆ ತಿರುಗಿಸುವುದು ಯಾವುದೂ ಬೇಡ. ಇಲ್ಲಿ ಅವನ್ನು ಹಿಡಿಯುವುದು, ಅವಕ್ಕೆ ಹಾನಿ ಮಾಡುವುದು ಅಪರಾಧ. ನಮ್ಮ ದೇಶದಲ್ಲೂ ಕಡಲಕುದುರೆಗೆ 2001ರಿಂದ ವನ್ಯಜೀವಿ ಕಾಯ್ದೆಯ ರಕ್ಷಣೆ ಇದೆ.

ಹಂತ 6: ಜೆಟ್ಟಿಯ ಕಂಬಗಳು

ಒಂದು ಡೈವ್‌ಗೆ ಎರಡು ಕಂಬ ಸಾಕು. ಮೂರನೆಯದಕ್ಕೆ ಹೋಗುವ ಆಸೆಯಾದರೆ ಮೊದಲನೆಯದನ್ನು ಸರಿಯಾಗಿ ನೋಡಿಲ್ಲ ಅಂತಲೇ ಅರ್ಥ. ಕಂಬದ ಸುತ್ತ ಪ್ರದಕ್ಷಿಣೆ ಬನ್ನಿ, ಬುಡದಿಂದ ಶುರು ಮಾಡಿ ಸುತ್ತುತ್ತಾ ಮೇಲೇರಿ. ನೆರಳಿನ ಬದಿಯಲ್ಲಿ ಸ್ಪಂಜು ಜಾಸ್ತಿ, ಅಲ್ಲಿ ನಿಧಾನಿಸಿ. ಮೇಲೆ ಗಾಳ ಹಾಕುವವರು ಇದ್ದರೆ ಆ ಬದಿ ಬಿಟ್ಟುಬಿಡಿ.

ಇಲ್ಲಿ ನ್ಯೂಡಿಬ್ರಾಂಕ್ ಹುಡುಕಿ. ಚಿಪ್ಪಿಲ್ಲದ ಕಡಲ ಬಸವನಹುಳು ಅದು. ಹೆಚ್ಚಿನವು ಬೆರಳಿನ ಒಂದೆರಡು ಗೆಣ್ಣಿನಷ್ಟು ಉದ್ದ. ತಲೆಯ ಮೇಲೆ ಎರಡು ಕೊಂಬು. ಅದರಲ್ಲಿ ಒಂದು ಗುಂಪಿಗೆ ಬೆನ್ನ ಹಿಂಭಾಗದಲ್ಲಿ ಹೂವಿನಂತೆ ಅರಳಿದ ಕಿವಿರು ಇರುತ್ತದೆ. ಒಂದೊಂದು ಜಾತಿಗೂ ಊಟದ ಚಪಲ ಬೇರೆ. ಕೆಲವಕ್ಕೆ ಸ್ಪಂಜೇ ಬೇಕು. ಕೆಲವು ಹೈಡ್ರಾಯ್ಡ್ ಅನ್ನುವ, ಗರಿಯಂತೆ ಕಾಣುವ ಪುಟ್ಟ ಕಡಲಜೀವಿಗಳನ್ನೇ ತಿನ್ನುತ್ತವೆ, ಅದರ ಚುಚ್ಚುವ ಕಣಗಳನ್ನು ಜೀರ್ಣಿಸದೆ ತಮ್ಮ ಬೆನ್ನ ಮೇಲಿನ ಬೆರಳುಗಳಲ್ಲಿ ಕೂಡಿಟ್ಟು ರಕ್ಷಣೆಗೆ ಬಳಸುತ್ತವೆ. ಹಾಗಾಗಿ ಗರಿ ಕಂಡರೆ ಗರಿಯ ಬುಡ ನೋಡಿ. ಸ್ಪಂಜು ಕಂಡರೆ ಕಚ್ಚಿದ ಗುರುತು ನೋಡಿ.

ಇನ್ನೊಂದು ಒಳ್ಳೆಯ ಉಪಾಯ ಮೊಟ್ಟೆ. ನ್ಯೂಡಿಬ್ರಾಂಕ್ ಮೊಟ್ಟೆ ರಿಬ್ಬನ್ ಸುತ್ತಿಟ್ಟ ಹಾಗಿರುತ್ತದೆ. ಹಲವು ಬಾರಿ ಬಿಳಿ, ಕೆಲವೊಮ್ಮೆ ಹಳದಿ ಅಥವಾ ಗುಲಾಬಿ. ಹುಳುವಿಗಿಂತ ಸುಲಭವಾಗಿ ಕಣ್ಣಿಗೆ ಬೀಳುತ್ತದೆ. ಮೊಟ್ಟೆ ಸಿಕ್ಕರೆ ಸುತ್ತಲಿನ ಒಂದು ಅಡಿಯೊಳಗೆ ಅಮ್ಮ ಇರುವ ಸಾಧ್ಯತೆ ಚೆನ್ನಾಗಿದೆ.

ಅಲಂಕಾರದ ಏಡಿಗೆ ಡೆಕೊರೇಟರ್ ಏಡಿ ಅನ್ನುತ್ತಾರೆ. ಅದರ ಬೆನ್ನ ಮೇಲೆ ಕೊಕ್ಕೆಯಂಥ ಕೂದಲಿದೆ. ಸ್ಪಂಜು, ಪಾಚಿ ಚೂರು ಕಿತ್ತು ಅದಕ್ಕೆ ಸಿಕ್ಕಿಸಿಕೊಳ್ಳುತ್ತದೆ. ಎಷ್ಟು ದಿಟ್ಟಿಸಿದರೂ ಸ್ಪಂಜಿನ ತುಂಡೇ. ಆದರೆ ಸ್ಪಂಜಿಗೆ ಕಾಲಿಲ್ಲ. ಅಂಚಿನಲ್ಲಿ ಗೆಣ್ಣು ಗೆಣ್ಣಾದ ಕಾಲು ಇದೆಯಾ ಅಂತ ನೋಡಿ.

ಆಂಗ್ಲರ್ ಮೀನು ಕೂಡ ಇದೇ ಜಾಗದ್ದು. ಮುಷ್ಟಿಯಷ್ಟಿರುತ್ತದೆ, ಸ್ಪಂಜಿನ ಪಕ್ಕ ಸ್ಪಂಜಿನ ಹಾಗೇ ಕೂತಿರುತ್ತದೆ. ರೆಕ್ಕೆ ಕೈಯ ಹಾಗೆ ನೆಲಕ್ಕೆ ಊರಿರುತ್ತದೆ. ಹಣೆಯಲ್ಲಿ ಗಾಳದ ಕೋಲು, ತುದಿಯಲ್ಲಿ ಹುಳುವಿನಂಥ ಎರೆ. ಮೀನು ಹತ್ತಿರ ಬಂದರೆ ಬಾಯಿ ತೆರೆದು ಎಳೆದುಕೊಳ್ಳುತ್ತದೆ. ಸೆಕೆಂಡಿನ ನೂರನೇ ಒಂದು ಪಾಲೂ ಬೇಡ ಅದಕ್ಕೆ. ಇದನ್ನು ಹುಡುಕಲು ಒಂದೇ ಪ್ರಶ್ನೆ ಕೇಳಿಕೊಳ್ಳಿ: ಈ ಸ್ಪಂಜಿಗೆ ಬಾಯಿ ಕೆಳಮುಖವಾಗಿ ಬಾಗಿದೆಯಾ?

ಹಂತ 7: ಮರಳು

ಜೆಟ್ಟಿಯಿಂದ ಆಚೆ ಮರಳು ಇಳಿಜಾರಾಗಿ ಹೋಗುತ್ತದೆ. ಹೊಸಬರು ಇಲ್ಲಿ ಏನೂ ಇಲ್ಲ ಅಂತ ವೇಗವಾಗಿ ದಾಟುತ್ತಾರೆ. ನನಗೆ ಇದೇ ಅತಿ ಪ್ರೀತಿಯ ಭಾಗ. ನೆಲದಿಂದ ಒಂದು ಮೀಟರ್ ಮೇಲೆ ತೇಲಿ, ಮರಳಿನ ಗೆರೆಗಳು ಕೆಟ್ಟ ಕಡೆ ನೋಡಿ. ಅಲೆ ಮರಳಿನಲ್ಲಿ ಸಾಲು ಸಾಲು ಗೆರೆ ಬರೆದಿರುತ್ತದೆ. ಒಂದು ಕಡೆ ಗೆರೆ ಅಳಿಸಿ ತಟ್ಟೆಯಷ್ಟು ಉಬ್ಬಿದ್ದರೆ ಕೆಳಗೆ ಯಾರೋ ಇದ್ದಾರೆ.

ಮರಳಲ್ಲಿ ಮೊಣಕಾಲು ಊರಲೇಬೇಡಿ, ಕೈ ಇಡಲೇಬೇಡಿ. ಹೀಗೆ ಹೂತುಕೊಳ್ಳುವವರಲ್ಲಿ ಕಾಫಿನ್ ರೇ ಅನ್ನುವ ವಿದ್ಯುತ್ ತೊರಕೆ ಮೀನು ಇದೆ, ಮುಟ್ಟಿದರೆ ಜೋರಾಗಿ ಶಾಕ್ ಹೊಡೆಯುತ್ತದೆ. ಸ್ಟಾರ್‌ಗೇಜರ್ ಮೀನು ಕಣ್ಣು ಮತ್ತು ಬಾಯಿ ಮಾತ್ರ ಹೊರಗಿಟ್ಟು ಕಾಯುತ್ತದೆ. ಪಾಚಿಯ ನಡುವೆ ಗುಂಪಾಗಿ ಕೂರುವ ಫೋರ್ಟೆಸ್ಕ್ಯೂ ಅನ್ನೋ ಪುಟ್ಟ ಮೀನಿನ ಬೆನ್ನ ಮುಳ್ಳಿನಲ್ಲಿ ವಿಷ. ಚುಚ್ಚಿದ ಜಾಗವನ್ನು ಮೈ ಸುಡದಷ್ಟು ಬಿಸಿನೀರಿನಲ್ಲಿ ಇಟ್ಟರೆ ನೋವು ಇಳಿಯುತ್ತದೆ.

ಸಂಜೆ ಕತ್ತಲಾಗುವ ಹೊತ್ತಿಗೆ ಇಲ್ಲೇ ಇದ್ದರೆ ಡಂಪ್ಲಿಂಗ್ ಸ್ಕ್ವಿಡ್ ಕಾಣಬಹುದು. ನಮ್ಮ ಕರಾವಳಿಯ ಬೊಂಡಾಸಕ್ಕೆ ದೂರದ ನೆಂಟ, ಆದರೆ ನಿಂಬೆಹಣ್ಣಿನ ಗಾತ್ರ, ಗುಂಡಗೆ. ಹಗಲಿಡೀ ಮರಳಲ್ಲಿ ಹೂತಿರುತ್ತದೆ. ಒಂದು ಸಲ ಅದು ಮತ್ತೆ ಹೂತುಕೊಳ್ಳುವುದನ್ನು ಮೊದಲಿಂದ ಕೊನೆವರೆಗೂ ನೋಡಿದೆ. ಟಾರ್ಚ್ ಬೆಳಕಿನ ಅಂಚಿನಲ್ಲಿ ಹಸಿರು-ನೀಲಿ ಮಿಂಚುತ್ತಾ ನೆಲಕ್ಕೆ ಇಳಿಯಿತು. ನೀರು ಊದಿ ಊದಿ ಕೆಳಗೆ ಗುಂಡಿ ಮಾಡಿಕೊಂಡಿತು, ಅದರಲ್ಲಿ ಅರ್ಧ ಕೂತಿತು. ಆಮೇಲೆ ಎರಡು ತೋಳು ಎರಡೂ ಬದಿಗೆ ಚಾಚಿ ಮರಳನ್ನು ಬಾಚಿ ತಲೆಯ ಮೇಲೆ ಹಾಕಿಕೊಂಡಿತು. ಚಳಿಗೆ ಕಂಬಳಿ ಎಳೆದುಕೊಳ್ಳುವ ಮಗುವಿನ ಹಾಗೆ, ಒಂದು ಸಲ ಎಡಕ್ಕೆ, ಒಂದು ಸಲ ಬಲಕ್ಕೆ. ಮರಳು ಅದರ ಮೈಯ ಲೋಳೆಗೆ ಅಂಟಿತು. ಕೊನೆಗೆ ಎರಡು ಕಣ್ಣು ಉಳಿದವು. ಆಮೇಲೆ ಅವೂ ಇಲ್ಲ.

ಬೊಂಡಾಸದ ಇನ್ನೊಂದು ನೆಂಟ ಮೌರ್ನಿಂಗ್ ಕಟಲ್‌ಫಿಶ್. ಅದರ ಜೋಡಿ ಕಂಡರೆ ದೂರದಿಂದಲೇ ನೋಡಿ. ಮ್ಯಾಕ್ವಾರಿ ವಿಶ್ವವಿದ್ಯಾಲಯದ ಕಲಂ ಬ್ರೌನ್ ಮತ್ತು ಜೊತೆಗಾರರು 2012ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಇದರ ಒಂದು ಚಾಣಾಕ್ಷತನ ಇದೆ. ಒಂದು ಬದಿಗೆ ಹೆಣ್ಣು, ಇನ್ನೊಂದು ಬದಿಗೆ ಬೇರೆ ಗಂಡು ಇದ್ದರೆ, ಈ ಗಂಡು ಹೆಣ್ಣಿನ ಕಡೆಯ ಅರ್ಧ ಮೈಯಲ್ಲಿ ಒಲಿಸುವ ಗೆರೆ ತೋರಿಸುತ್ತದೆ. ಎದುರಾಳಿಯ ಕಡೆಯ ಅರ್ಧ ಮೈಯಲ್ಲಿ ತಾನೂ ಹೆಣ್ಣು ಅನ್ನುವ ಬಣ್ಣ ತೋರಿಸುತ್ತದೆ. ಎರಡೂ ಒಂದೇ ಹೊತ್ತಿನಲ್ಲಿ.

ಹಂತ 8: ನೀಲಿ ಗೆರೆಯ ಆಕ್ಟೋಪಸ್

ಇದಕ್ಕೆ ಬೇರೆಯೇ ಹಂತ ಇಟ್ಟಿದ್ದೇನೆ, ಕಾರಣ ಪ್ರಾಣದ ವಿಷಯ. ಸಿಡ್ನಿಯ ನೀರಿನಲ್ಲಿ ನೀಲಿ ಗೆರೆಯ ಆಕ್ಟೋಪಸ್ ಇದೆ. ತೋಳು ಚಾಚಿದರೂ ಅಂಗೈಯಷ್ಟು. ಸುಮ್ಮನಿದ್ದಾಗ ಕಂದು. ಹೆದರಿದಾಗ ಮೈಮೇಲೆ ಹೊಳೆಯುವ ನೀಲಿ ಗೆರೆ, ತೋಳುಗಳಲ್ಲಿ ನೀಲಿ ಉಂಗುರ ಮೂಡುತ್ತವೆ. ಖಾಲಿ ಚಿಪ್ಪು, ಬಾಟಲಿ, ಡಬ್ಬಿ ಅದರ ಮನೆ. ಆದ್ದರಿಂದ ನೆಲದ ಮೇಲೆ ಬಿದ್ದ ಯಾವ ಚಿಪ್ಪನ್ನೂ ಎತ್ತಬೇಡಿ, ಜೇಬಿಗೆ ಹಾಕಬೇಡಿ. ಕಸ ಹೆಕ್ಕುವ ಒಳ್ಳೆಯ ಮನಸ್ಸಿದ್ದರೂ ಬಾಟಲಿಯ ಒಳಗೆ ಬೆಳಕು ಬಿಟ್ಟು ನೋಡದೆ ಮುಟ್ಟಬೇಡಿ.

ಕಚ್ಚಿದ್ದು ಗೊತ್ತಾಗದೇ ಇರಬಹುದು. ವಿಷ ಸ್ನಾಯುಗಳನ್ನು ನಿಲ್ಲಿಸುತ್ತದೆ, ಉಸಿರು ನಿಲ್ಲುತ್ತದೆ. ಮದ್ದು ಇಲ್ಲ. ಆದರೆ ಯಾರಾದರೂ ಬಾಯಿಗೆ ಬಾಯಿಟ್ಟು ಉಸಿರು ಕೊಡುತ್ತಾ ಇದ್ದರೆ ಮನುಷ್ಯ ಬದುಕುತ್ತಾನೆ. ಕೂಡಲೇ ನೀರಿನಿಂದ ಹೊರಗೆ ತನ್ನಿ, 000ಗೆ ಫೋನ್ ಮಾಡಿ, ಕಚ್ಚಿದ ಕೈ ಅಥವಾ ಕಾಲಿಗೆ ಬ್ಯಾಂಡೇಜ್ ಬಿಗಿಯಾಗಿ ಸುತ್ತಿ ಅಲ್ಲಾಡದಂತೆ ಇಡಿ, ಆಂಬುಲೆನ್ಸ್ ಬರುವವರೆಗೂ ಉಸಿರು ಕೊಡುವುದನ್ನು ನಿಲ್ಲಿಸಬೇಡಿ. ಡೈವ್‌ಗೆ ಮುಂಚೆ ಜೊತೆಗಾರರ ಜೊತೆ ಇದನ್ನು ಒಂದು ಸಲ ಬಾಯಿಬಿಟ್ಟು ಮಾತಾಡಿಕೊಳ್ಳಿ.

ದೂರದಿಂದ ನೋಡಿದರೆ ಅದು ತನ್ನ ಪಾಡಿಗೆ ಹೋಗುತ್ತದೆ. ನೀಲಿ ಮೂಡಿತು ಅಂದರೆ ನೀವು ಹೆಚ್ಚು ಹತ್ತಿರ ಬಂದಿರಿ ಅಂತ, ಹಿಂದೆ ಸರಿಯಿರಿ.

ಹಂತ 9: ಕ್ಯಾಮೆರಾ

ಮೊದಲ ಹತ್ತು ಡೈವ್‌ಗೆ ಕ್ಯಾಮೆರಾ ಬೇಡ ಅನ್ನುವುದು ನನ್ನ ಖಚಿತ ಅಭಿಪ್ರಾಯ. ಕೈಯಲ್ಲಿ ಕ್ಯಾಮೆರಾ ಇದ್ದರೆ ಸಿಕ್ಕ ಒಂದೇ ಪ್ರಾಣಿಯ ಹಿಂದೆ ಅರ್ಧ ಟ್ಯಾಂಕ್ ಖರ್ಚಾಗುತ್ತದೆ, ಕಣ್ಣು ಪಳಗುವುದಿಲ್ಲ. ಆಮೇಲೆ ತೆಗೆದುಕೊಂಡು ಹೋಗಿ. ಒಂದು ಪ್ರಾಣಿಗೆ ನಾಲ್ಕೈದು ಚಿತ್ರ ತೆಗೆದು ಮುಂದೆ ಹೋಗಿ. ಬೆನ್ನು ತಿರುಗಿಸಿದರೆ ಅದು ಬೇಡ ಅಂದ ಹಾಗೆ, ಬಿಟ್ಟುಬಿಡಿ. ಚಿತ್ರ ಚೆನ್ನಾಗಿ ಬರಲಿ ಅಂತ ಪಾಚಿ ಕೀಳುವುದು, ಕಡ್ಡಿಯಲ್ಲಿ ತಿವಿಯುವುದು ಮಾಡುವವರನ್ನು ನೋಡಿದ್ದೇನೆ. ಆ ಪಾಚಿಯೇ ಅದರ ಮನೆ.

ಹಂತ 10: ಹೊರಗೆ ಬಂದ ಮೇಲೆ

ಸಾಮಾನು ಸಿಹಿನೀರಲ್ಲಿ ತೊಳೆಯುವುದಕ್ಕೂ ಮುಂಚೆ, ಚಹಾ ಕುಡಿಯುವುದಕ್ಕೂ ಮುಂಚೆ, ಸ್ಲೇಟಿನಲ್ಲಿ ಗೀಚಿದ್ದನ್ನು ಪುಸ್ತಕಕ್ಕೆ ಬರೆಯಿರಿ. ಹೆಸರು ಗೊತ್ತಿಲ್ಲದಿದ್ದರೆ ಚಿತ್ರ ಬಿಡಿಸಿ. ಹೆಸರಿಗಿಂತ ಮುಖ್ಯವಾದದ್ದು ಮನೆ: ಯಾವ ಕಂಬ, ಎಷ್ಟು ಆಳ, ಯಾವ ಬಣ್ಣದ ಸ್ಪಂಜಿನ ಮೇಲೆ, ನೆರಳಲ್ಲೋ ಬೆಳಕಲ್ಲೋ, ಉಬ್ಬರವೋ ಇಳಿತವೋ. ಬಲೆಯ ಕುದುರೆಗಳಿಗೆ ದಡದ ಕಡೆಯಿಂದ ಬಲೆಯ ಕಂ­ಬ ಎಣಿಸಿ ಸಂಖ್ಯೆ ಬರೆಯಿರಿ. ಅವು ಜಾಗ ಬಿಡುವುದು ಕಡಿಮೆ ಅಂದೆನಲ್ಲ, ಮುಂದಿನ ವಾರ ಹೋಗಿ ಅದೇ ಸಂಖ್ಯೆಯ ಹತ್ತಿರ ನೋಡಿ.

ಚಿತ್ರವಿದ್ದರೆ ಜೀವಿಗಳ ಚಿತ್ರ ಹಂಚಿಕೊಳ್ಳುವ ಐನ್ಯಾಚುರಲಿಸ್ಟ್ ಜಾಲತಾಣಕ್ಕೆ ಹಾಕಿ, ಹೆಸರು ಹೇಳುವವರು ಸಿಗುತ್ತಾರೆ. ನ್ಯೂಡಿಬ್ರಾಂಕ್ ಮೇಲೆ ಪ್ರೀತಿ ಹುಟ್ಟಿದರೆ ಸೀ ಸ್ಲಗ್ ಸೆನ್ಸಸ್‌ಗೆ ಸೇರಿ. 2013ರಲ್ಲಿ ಸಿಡ್ನಿಯ ಉತ್ತರಕ್ಕಿರುವ ನೆಲ್ಸನ್ ಬೇಯಲ್ಲಿ ಶುರುವಾದ, ಇಂಥ ಹುಳುಗಳ ಎಣಿಕೆ ಅದು. ನಮ್ಮಂಥ ಹವ್ಯಾಸಿಗಳು ತೆಗೆದ ಚಿತ್ರಗಳೇ ಅದರ ಬಂಡವಾಳ.

ಇಪ್ಪತ್ತು ಮೂವತ್ತು ಡೈವ್ ಇಲ್ಲೇ ಮಾಡಿ. ಆಮೇಲೆ ಸಿಡ್ನಿಯ ದಕ್ಷಿಣ ಭಾಗದ ಲಾ ಪೆರೂಸ್‌ನ ಬೇರ್ ಐಲ್ಯಾಂಡ್‌ಗೆ ಹೋಗಿ, ಕರ್ನೆಲ್‌ಗೆ ಹೋಗಿ. ಅಲ್ಲಿ ಕಡಲಕುದುರೆಯ ನೆಂಟ ಸಿಡ್ನಿ ಪಿಗ್ಮಿ ಪೈಪ್‌ಹಾರ್ಸ್ ಇದೆ. ಪೂರ್ತಿ ಬೆಳೆದರೂ ಕಿರುಬೆರಳಿನಷ್ಟು, ಮೈತುಂಬ ಪಾಚಿಯ ಎಳೆಯಂಥ ಚರ್ಮ. ವಿಜ್ಞಾನಿಗಳು ಅದಕ್ಕೆ ಹೆಸರಿಟ್ಟಿದ್ದೇ 2004ರಲ್ಲಿ, ಅಷ್ಟು ದಿನ ಇಷ್ಟು ದೊಡ್ಡ ಊರಿನ ಪಕ್ಕದಲ್ಲೇ ಇತ್ತು. ಅದರ ಮನೆ ಕೆಂಪು ಪಾಚಿಯ ಗೊಂಚಲು ಮತ್ತು ಸ್ಪಂಜು ಬೆಳೆದ ಬಂಡೆ. ಟಾರ್ಚಿನ ಬ್ಯಾಟರಿ ಪೂರ್ತಿ ಚಾರ್ಜ್ ಮಾಡಿಕೊಂಡು ಹೋಗಿ.